ದೊಡ್ಡ ಮಿಗಕ್ಕೆ ಸಣ್ಣ ಬೋರಿನ ರೈಫಲ್ ಸಾಕೇ? ನನ್ನ ಅನುಭವ

ಆರು ಮಿಲಿಮೀಟರ್ ದಪ್ಪದ, ಆರೂವರೆ ಗ್ರಾಂ ತೂಕದ ಗುಂಡೊಂದು ಎರಡೂವರೆ ಕ್ವಿಂಟಲ್ ತೂಗುವ ಪ್ರಾಣಿಯನ್ನು ನರಳಿಸದೆ ಬೀಳಿಸಬಲ್ಲುದೇ ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ: ಬೀಳಿಸಬಲ್ಲುದು, ಆದರೆ ಪ್ರಾಣಿ ಹೇಗೆ ನಿಂತಿದೆ, ಎಷ್ಟು ದೂರದಲ್ಲಿದೆ, ಆ ಗುಂಡಿನ ಒಳಗಟ್ಟು ಹೇಗಿದೆ ಎಂಬ ಮೂರೂ ಕೂಡಿಬಂದಾಗ ಮಾತ್ರ. ಮೂರರಲ್ಲಿ ಒಂದು ತಪ್ಪಿದರೂ ಈಡು ಹೊಡೆಯಬಾರದು. ಕಾಡತೂಸಿನ, ಅಂದರೆ ಗುಂಡು ಮದ್ದು ಕೂಡಿದ ತೋಟೆಯ, ಹೆಸರು ಹಿಡಿದು ಇದು ಸಾಕು, ಅದು ಸಾಲದು ಎಂದು ವಾದಿಸುವವರು ಈ ಮೂರನ್ನೂ ಬದಿಗಿಟ್ಟು ಮಾತನಾಡುತ್ತಾರೆ.

ನಾನು ಸೇಡಂ ಕಡೆಯವನು. ಸುಣ್ಣದಕಲ್ಲಿನ ಗಣಿಯ ಕೆಲಸವನ್ನು ಊರಲ್ಲೇ ಕಲಿತೆ, ಅದೇ ಕೆಲಸ ಮುಂದೆ ನನ್ನನ್ನು ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯಕ್ಕೆ ಕರೆದೊಯ್ದಿತು. ಅಲ್ಲಿ ಬೇಲಿ ಹಾಕಿದ ಖಾಸಗಿ ಜಮೀನಿನ ವನ್ಯಪ್ರಾಣಿಗಳಿಗೆ ಜಮೀನಿನ ಒಡೆಯನೇ ಮಾಲೀಕನಾಗಬಹುದು. 1991ರ ಒಂದು ಕಾಯ್ದೆ ಆ ಹಕ್ಕನ್ನು ಮಾನ್ಯ ಮಾಡಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ, ಮತ್ತು ಅದು ಹಾಗೆಯೇ ಇರಬೇಕೆಂದು ನಾನು ಬಯಸುತ್ತೇನೆ. ಇಲ್ಲಿ ಬರೆಯುವ ಬೇಟೆಯ ಸಂಗತಿಗಳೆಲ್ಲ ಅಲ್ಲಿನವು, ಚಳಿಗಾಲದ ಪರವಾನಗಿ ಅವಧಿಯವು, ಜಮೀನಿನ ಒಡೆಯರ ರೈಫಲ್ಲಿನಿಂದ ಅವರ ಕಣ್ಣೆದುರಿಗೇ ಹೊಡೆದಂಥವು.

ಆ ಒಡೆಯರ ಮನೆಯಲ್ಲಿ ಎರಡು ರೈಫಲ್ಲುಗಳಿದ್ದವು. ಒಂದು ಪಾಯಿಂಟ್ 243 ವಿಂಚೆಸ್ಟರ್ (ಗುಂಡಿನ ದಪ್ಪ 0.243 ಅಂಗುಲ), ಅಂದರೆ ಪಾಯಿಂಟ್ 308ರ ಕಾಡತೂಸಿನ ಕತ್ತನ್ನು ಕಿರಿದು ಮಾಡಿ 1955ರಲ್ಲಿ ಹೊರತಂದದ್ದು. ಇನ್ನೊಂದು 7 ಬೈ 57 ಮೌಸರ್ (7 ಮಿಲಿಮೀಟರ್ ಬೋರು, 57 ಮಿಲಿಮೀಟರ್ ಉದ್ದದ ಕಾಡತೂಸಿನ ಕೋಶ), 1892ರಷ್ಟು ಹಳೆಯ ವಿನ್ಯಾಸ. ಹೊಸಬರ ಕೈಗೆ ಅವರು ಮೊದಲು ಕೊಡುತ್ತಿದ್ದದ್ದು 243ನ್ನೇ. ಅದಕ್ಕೆ ಕಾರಣವಿತ್ತು: ಪಾಯಿಂಟ್ 30-06ರಂಥ ರೈಫಲ್ ಭುಜಕ್ಕೆ ಕೊಡುವ ಒದೆತದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಇದು ಕೊಡುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರ್ ಒತ್ತುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾನೆ, ಭುಜ ಬಿಗಿಯುತ್ತಾನೆ, ಗುಂಡು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಬಿದ್ದ ದೊಡ್ಡ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ ಸಣ್ಣ ಗುಂಡು ಪ್ರಾಣಿಗೆ ಸಾವಿರ ಪಾಲು ದಯೆ ತೋರುತ್ತದೆ. ಹಗುರ ಕಾಡತೂಸಿನ ಪರವಾಗಿ ಇರುವ ವಾದಗಳಲ್ಲಿ ನಾನು ಮನಸಾರೆ ಒಪ್ಪುವುದು ಇದೊಂದನ್ನೇ.

ಇನ್ನು ಲೆಕ್ಕಕ್ಕೆ ಬರೋಣ. 243ರ 100 ಗ್ರೇನ್ ಗುಂಡು ಸುಮಾರು 6.5 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ನಳಿಗೆ ಬಿಟ್ಟರೆ ಅದರ ಶಕ್ತಿ ಸುಮಾರು 2,620 ಜೂಲ್, ಮತ್ತು 200 ಮೀಟರ್ ದಾಟುವ ಹೊತ್ತಿಗೆ ಅದರಲ್ಲಿ ಮೂರನೇ ಒಂದು ಭಾಗ ಕರಗಿರುತ್ತದೆ. ನೆರೆಯ ನಮೀಬಿಯಾದ ನಿಯಮ ಸ್ಪ್ರಿಂಗ್‌ಬಾಕಿಗೆ ನಳಿಗೆಯ ತುದಿಯಲ್ಲಿ ಕನಿಷ್ಠ 1,350 ಜೂಲ್, ದೊಡ್ಡ ಜಾತಿಯ ಜಿಂಕೆಗಳಾದ ಕುಡು ಮತ್ತು ಜೆಮ್ಸ್‌ಬಾಕಿಗೆ 2,700 ಜೂಲ್, ಆಫ್ರಿಕಾದ ಕಾಡೆಮ್ಮೆ ಮತ್ತು ಆನೆಗೆ 5,400 ಜೂಲ್ ಕೇಳುತ್ತದೆ. ಅಂದರೆ ನಮ್ಮ ಕೃಷ್ಣಮೃಗದಷ್ಟೇ ತೂಗುವ ಸ್ಪ್ರಿಂಗ್‌ಬಾಕಿಗೆ 243 ಧಾರಾಳವಾಗಿ ಸಾಕು. ಎರಡು ಕ್ವಿಂಟಲ್ ದಾಟುವ ಕುಡು ಗಂಡಿಗೆ ಕೂದಲೆಳೆಯಷ್ಟು ಕಡಿಮೆ. 7 ಬೈ 57ರ 140 ಗ್ರೇನ್ ಗುಂಡು 2,950 ಜೂಲಿನ ಆಸುಪಾಸಿನಲ್ಲಿ ಹೊರಟು ಆ ಗೆರೆಯನ್ನು ದಾಟುತ್ತದೆ.

ಆದರೆ ಜೂಲಿನ ಲೆಕ್ಕ ಅರ್ಧ ಸತ್ಯ. ಶಕ್ತಿಯ ಸೂತ್ರದಲ್ಲಿ ವೇಗದ ವರ್ಗ ಬರುವುದರಿಂದ ಹಗುರವಾಗಿ ವೇಗವಾಗಿ ಹಾರುವ ಗುಂಡು ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ, ಮೂಳೆಗೆ ತಾಗಿದಾಗ ಅದೇ ವೇಗ ಗುಂಡನ್ನೇ ಪುಡಿಮಾಡುತ್ತದೆ. ಸ್ವೀಡನ್ನಿನವರು ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಮಾಡಿಕೊಂಡ ನಿಯಮ ಈ ಕಾರಣಕ್ಕೆ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ: ಗುಂಡು 10 ಗ್ರಾಂ ಅಥವಾ ಅದಕ್ಕಿಂತ ಭಾರವಾಗಿದ್ದರೆ 100 ಮೀಟರಿನಲ್ಲಿ 2,000 ಜೂಲ್ ಉಳಿದಿದ್ದರೆ ಸಾಕು, 9ರಿಂದ 10 ಗ್ರಾಂ ನಡುವಿನದಾದರೆ 2,700 ಜೂಲ್ ಬೇಕು. ಭಾರವಾದ, ಉದ್ದವಾದ ಗುಂಡು ಕಡಿಮೆ ಶಕ್ತಿಯಲ್ಲೂ ಆಳಕ್ಕೆ ಇಳಿಯುತ್ತದೆ ಎಂಬುದನ್ನು ಆ ನಿಯಮ ಒಪ್ಪಿಕೊಂಡಿದೆ. ಅಲ್ಲಿನ ತೆಳ್ಳನೆಯ 6.5 ಬೈ 55 ರೈಫಲ್ ತಲೆಮಾರುಗಳಿಂದ ಮೂಸ್ ಬೀಳಿಸುತ್ತ ಬಂದಿರುವುದು 156 ಗ್ರೇನಿನ ಉದ್ದ ಗುಂಡಿನ ಬಲದಿಂದ.

ಇದನ್ನು ಕಣ್ಣಾರೆ ನೋಡಬೇಕೆಂದು ನಾವು ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರದ ಪೆಟ್ಟಿಗೆಯಲ್ಲಿ ಒತ್ತಿ ತುಂಬಿ, ಐವತ್ತು ಮೀಟರಿನಿಂದ ಹೊಡೆದು ಪರೀಕ್ಷಿಸಿದೆವು. ನರಿಗಳಿಗೆಂದು ಮಾಡಿದ 58 ಗ್ರೇನಿನ 243 ಗುಂಡು ಮೊದಲ ಕೆಲವು ಅಂಗುಲಗಳಲ್ಲೇ ಸಿಡಿದು, ಒದ್ದೆ ಕಾಗದದಲ್ಲಿ ಅಂಗೈ ಅಗಲದ ಗುಳಿ ಮಾಡಿ, ಸೀಸದ ಚೂರುಗಳಾಗಿ ಉಳಿಯಿತು. ಅದೇ ನಳಿಗೆಯಿಂದ ಹೊರಟ 100 ಗ್ರೇನಿನ, ನಡುವೆ ಗೋಡೆಯಿರುವ ಪಾರ್ಟಿಷನ್ ಗುಂಡು ಮೂತಿಯನ್ನು ಅಣಬೆಯಂತೆ ಅರಳಿಸಿಕೊಂಡು, ಹಿಂಭಾಗವನ್ನು ಇಡಿಯಾಗಿ ಉಳಿಸಿಕೊಂಡು, ಪೆಟ್ಟಿಗೆಯ ಹಿಂದಿನ ಹಲಗೆಯವರೆಗೆ ಹೋಗಿ ನಿಂತಿತ್ತು. ರೈಫಲ್ ಒಂದೇ, ಕಾಡತೂಸಿನ ಹೆಸರೂ ಒಂದೇ. ಒಂದರಿಂದ ಕುಡು ಗಾಯಗೊಂಡು ಓಡುತ್ತದೆ, ಇನ್ನೊಂದರಿಂದ ಬೀಳುತ್ತದೆ.

ಈ ಪಾರ್ಟಿಷನ್ ಗುಂಡು ಹುಟ್ಟಿದ್ದೇ ಹೀಗೊಂದು ಪ್ರಸಂಗದಿಂದ. ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ಕೆನಡಾದಲ್ಲಿ ಮೂಸ್ ಒಂದಕ್ಕೆ ಗುರಿಯಿಟ್ಟಾಗ ಅವರ ಕೈಯಲ್ಲಿದ್ದದ್ದು ಪಾಯಿಂಟ್ 300 ಮ್ಯಾಗ್ನಮ್, ಹಗುರವೆಂದು ಯಾರೂ ಹೇಳಲಾರದಂಥ ರೈಫಲ್. ಆದರೂ ಗುಂಡುಗಳು ಒಳಗೆ ಇಳಿಯದೆ ಮೇಲ್ಮೈಯಲ್ಲೇ ಒಡೆದವು. ಗುಂಡಿನ ನಡುವೆ ತಾಮ್ರದ ಗೋಡೆಯೊಂದನ್ನು ಬಿಟ್ಟು ಮುಂದಿನ ಅರ್ಧ ಅರಳುವಂತೆ, ಹಿಂದಿನ ಅರ್ಧ ನುಗ್ಗುವಂತೆ ಅವರು ಮಾಡಿದ ವಿನ್ಯಾಸ 1948ರಲ್ಲಿ ಮಾರಾಟಕ್ಕೆ ಬಂತು. ದೊಡ್ಡ ಕಾಡತೂಸು ಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವವರು ಈ ಸಂಗತಿಯನ್ನು ಗಮನಿಸಬೇಕು.

ಕುಡುವಿನ ಮೇಲೆ ನಾನು 243ನ್ನು ಬಳಸಿದ್ದೇನೆ. ಸುಮಾರು ನೂರು ಮೀಟರ್ ಅಂತರದಲ್ಲಿ ಪೂರ್ತಿ ಅಡ್ಡಲಾಗಿ ನಿಂತಿದ್ದ ಒಂದು ಗಂಡು. ರೈಫಲ್ಲಿಗೆ ಮೂರು ಕಾಲಿನ ಕೋಲಿನ ಆಸರೆ. ಆಫ್ರಿಕಾದ ಈ ಜಿಂಕೆ ಜಾತಿಗಳ ಹೃದಯ ಮತ್ತು ಶ್ವಾಸಕೋಶ ನಾವು ಊಹಿಸುವುದಕ್ಕಿಂತ ಮುಂದಕ್ಕೂ ಕೆಳಕ್ಕೂ ಇರುತ್ತವೆ, ಆದ್ದರಿಂದ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಎತ್ತರಕ್ಕೆ ಗುರಿ ಹಿಡಿಯಬೇಕೆಂದು ಒಡೆಯರು ಮೊದಲೇ ಕಲಿಸಿದ್ದರು. ಪ್ರಾಣಿ ಗುಂಡು ತಾಗಿದ ಕೂಡಲೇ ಬೆನ್ನು ಬಾಗಿಸಿ, ಮುಳ್ಳುಜಾಲಿಯ ಪೊದೆಗಳ ನಡುವೆ ಓಡಿ, ಕಣ್ಣಳತೆಯಲ್ಲೇ ಬಿದ್ದಿತು. ಸುಲಿಯುವಾಗ ನೋಡಿದರೆ ಗುಂಡು ಒಂದು ಪಕ್ಕೆಲುಬು ಮುರಿದು, ಎರಡೂ ಶ್ವಾಸಕೋಶ ದಾಟಿ, ಆಚೆಬದಿಯ ಚರ್ಮದ ಒಳಗೆ ನೀಲಿಗಟ್ಟಿದ ಗಂಟಾಗಿ ಸಿಕ್ಕಿಕೊಂಡಿತ್ತು. ಚಾಕುವಿನ ಮೊನೆಯಿಂದ ಬಿಡಿಸಿ ತೆಗೆದ ಆ ಗುಂಡಿನ ಮುಂದಿನ ಸೀಸ ಪೂರ್ತಿ ಸವೆದಿತ್ತು, ತಾಮ್ರದ ದಳಗಳು ಹಿಂದಕ್ಕೆ ಮಡಚಿದ್ದವು, ಗೋಡೆಯ ಹಿಂದಿನ ಭಾಗ ಹೊಸದರಂತಿತ್ತು. ಕೆಲಸ ಪೂರ್ತಿಯಾಗಿತ್ತು. ಆದರೆ ಚರ್ಮ ದಾಟಿ ಹೊರಬರದ ಗುಂಡು ಇನ್ನೊಂದು ಮಾತನ್ನೂ ಹೇಳುತ್ತಿತ್ತು: ಅದರ ಬಳಿ ಉಳಿಕೆ ಏನೂ ಇರಲಿಲ್ಲ. ಪ್ರಾಣಿ ಒಂದಿಷ್ಟು ಓರೆಯಾಗಿ ನಿಂತಿದ್ದರೆ, ಪಕ್ಕೆಲುಬಿನ ಬದಲು ಭುಜದ ಕೀಲು ಎದುರಾಗಿದ್ದರೆ, ಎರಡನೆಯ ಶ್ವಾಸಕೋಶ ಮುಟ್ಟುತ್ತಿರಲಿಲ್ಲ. ಹೊರಗೆ ತೂತು ಇಲ್ಲದಿದ್ದರೆ ನೆಲದ ಮೇಲೆ ರಕ್ತದ ಜಾಡೂ ತೆಳುವಾಗಿರುತ್ತದೆ, ಹುಲ್ಲಿರುವ ಜಾಗದಲ್ಲಿ ಹುಡುಕುವವನಿಗೆ ಅದು ದೊಡ್ಡ ಕಷ್ಟ.

ಆ ಬಳಿಕ ಕುಡು ಮತ್ತು ಜೆಮ್ಸ್‌ಬಾಕಿಗೆ ನಾನು 7 ಬೈ 57ನ್ನೇ ಹಿಡಿದೆ, 160 ಮತ್ತು 175 ಗ್ರೇನಿನ ಗುಂಡುಗಳೊಂದಿಗೆ. ಜೆಮ್ಸ್‌ಬಾಕಿನ ಕತ್ತು ಮತ್ತು ಭುಜದ ಚರ್ಮ ಬಹಳ ದಪ್ಪ. 243 ಇದ್ದಾಗ ಅಡ್ಡಲಾಗಿ ನಿಂತ ಪ್ರಾಣಿಗೆ ಮಾತ್ರ ಹೊಡೆಯುತ್ತಿದ್ದೆ, ನೂರೈವತ್ತು ಮೀಟರಿನ ಆಚೆಗೆ ಕೋಲು ಮಡಚಿ ಹಿಂದಿರುಗುತ್ತಿದ್ದೆ. 7 ಬೈ 57 ಬಂದ ಮೇಲೆ ಸ್ವಲ್ಪ ಓರೆಯಾಗಿ ನಿಂತದ್ದಕ್ಕೂ ಹೊಡೆಯುವ ಧೈರ್ಯ ಬಂತು. ನನ್ನ ಮಟ್ಟಿಗೆ ಎರಡು ರೈಫಲ್ಲುಗಳ ನಡುವಿನ ನಿಜವಾದ ವ್ಯತ್ಯಾಸ ಇದೇ: ಹಗುರ ಕಾಡತೂಸು ಹಿಡಿದವನು ಬಿಟ್ಟುಕೊಡಬೇಕಾದ ಅವಕಾಶಗಳು ಹೆಚ್ಚು.

ಆಫ್ರಿಕಾದಲ್ಲಿ ಆನೆ ಬೇಟೆಯಾಡಿದ ಹಳೆಯ ಕಾಲದ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳಲ್ಲಿ ಬಹುಪಾಲನ್ನು ಇದೇ 7 ಮಿಲಿಮೀಟರಿನ ರೈಫಲ್ಲಿನಿಂದ ಕೊಂದರೆಂಬುದನ್ನು ಹಗುರ ಗುಂಡಿನ ಪಕ್ಷದವರು ಸದಾ ಮುಂದಿಡುತ್ತಾರೆ. ಅದು ನಿಜ. ಆದರೆ ಬೆಲ್ ಬಳಸಿದ್ದು 173 ಗ್ರೇನಿನ, ಅರಳದ, ಗಟ್ಟಿ ಕವಚದ ಉದ್ದ ಗುಂಡು. ಆನೆಯ ತಲೆಬುರುಡೆಯನ್ನು ಕೊಯ್ದು ನೋಡಿ, ಮಿದುಳು ಎಲ್ಲಿದೆಯೆಂದು ಪ್ರತಿಯೊಂದು ಕೋನದಿಂದ ಕಲಿತು, ಹತ್ತಿರ ಹೋಗಿ ಅಲ್ಲಿಗೇ ಹೊಡೆದವರು ಅವರು. ಆ ಕಲಿಕೆಯನ್ನು ಬಿಟ್ಟು ರೈಫಲ್ಲನ್ನು ಮಾತ್ರ ಎತ್ತಿಕೊಳ್ಳುವುದು ಸಲ್ಲದು.

ಈಗ ಕಲಬುರಗಿಯಲ್ಲಿ ಇದ್ದೇನೆ. ತೊಗರಿ ಕಾಯಿಕಟ್ಟುವ ಕಾಲಕ್ಕೆ ಚಿತ್ತಾಪುರ, ಚಿಂಚೋಳಿ ಕಡೆಯ ಬಂಧುಗಳು ಕಾಡುಹಂದಿಯ ಕಾಟ ಹೇಳಿಕೊಂಡು ಬರುತ್ತಾರೆ, ಹುಡುಗರು “ಕಾಕಾ, ಪಾಯಿಂಟ್ ಟೂಟೂಕ್ಕ ಹಂದಿ ಬೀಳ್ತದೇನ್ರಿ?” ಎಂದು ಕೇಳುತ್ತಾರೆ. ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಆ ಮಾತೇ ಬೇಡ, ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿರಿ ಎಂದು ಮೊದಲು ಹೇಳುತ್ತೇನೆ. ಅಪ್ಪಣೆ ಇದ್ದರೂ ಟೂಟೂ, ಅಂದರೆ ಪಾಯಿಂಟ್ 22ರ ಪುಟ್ಟ ರೈಫಲ್, ಸಲ್ಲದು: ಅದರ ಸಾಮಾನ್ಯ 40 ಗ್ರೇನಿನ ಗುಂಡು ನಳಿಗೆಯ ತುದಿಯಲ್ಲೇ 200 ಜೂಲ್ ಮುಟ್ಟುವುದಿಲ್ಲ, ಬಲಿತ ಗಂಡು ಹಂದಿಯ ಭುಜದ ಮೇಲಿನ ಗಡಸು ಪದರದಲ್ಲೇ ಉಳಿದುಬಿಡುತ್ತದೆ. ಹಾಗೆ ಗಾಯಗೊಂಡ ಹಂದಿ ಆಳೆತ್ತರದ ತೊಗರಿಯೊಳಗೆ ಮಲಗಿದ್ದು, ಮರುದಿನ ಕೊಯ್ಲಿಗೆ ಬಂದ ಹೆಣ್ಣುಮಕ್ಕಳ ಮೇಲೆ ಎರಗುತ್ತದೆ. ನಮ್ಮಲ್ಲಿ ಲೈಸೆನ್ಸಿಗೆ ಸಿಗುವ ಪಾಯಿಂಟ್ 315ರ 244 ಗ್ರೇನಿನ ಮೆತ್ತನೆ ಮೂತಿಯ ಗುಂಡು ನಿಧಾನವಾದರೂ ಭಾರವಾದದ್ದು, ಇಪ್ಪತ್ತು ಮೂವತ್ತು ಮೀಟರಿನಲ್ಲಿ ಹಂದಿಗೆ ಬೇಕಾದಷ್ಟಾಯಿತು. ಅದನ್ನೂ ಮಂಚಿಕೆಯ ಮೇಲಿನಿಂದ ಕೆಳಮುಖವಾಗಿ, ಹಿಂದೆ ಎರೆಮಣ್ಣಿನ ಒಡ್ಡು ಇರುವುದನ್ನು ಹಗಲಿನಲ್ಲೇ ನೋಡಿಟ್ಟುಕೊಂಡು ಹೊಡೆಯಬೇಕು. ನಮ್ಮ ಬಯಲಿನಲ್ಲಿ ಗುರಿ ತಪ್ಪಿದ ರೈಫಲ್ ಗುಂಡು ತಡೆಯಿಲ್ಲದೆ ಪಕ್ಕದ ಊರಿನವರೆಗೂ ಹೋಗಬಲ್ಲುದು.