ಕುಡಿಯುವ ಹೊತ್ತಿಗೇ ಮೀಟಿಂಗ್: ನನ್ನ ಅನುಭವ

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಕೂಟಕ್ಕೆ ಸೇರಿದವನು ಮನೆಗೆ ಹತ್ತಿರವಿರುವ ಗುಂಪನ್ನೇ ಹಿಡಿದುಕೊಳ್ಳಬೇಕೆಂದು ಅಲ್ಲಿನ ಹಿರಿಯ ಸದಸ್ಯರು ಹೇಳುತ್ತಿದ್ದರು. ಆದರೆ ನಾನು, ಕುಡಿಯಬೇಕೆನ್ನಿಸುವ ಹೊತ್ತಿಗೇ ಸೇರುವ ಸಂಜೆ ಆರೂವರೆಯ ಗುಂಪನ್ನು ಹುಡುಕಿದೆ. 2019ರ ಆಗಸ್ಟ್‌ನಿಂದ ಇಂದಿನವರೆಗೆ ಒಂದು ಹನಿಯನ್ನೂ ಮುಟ್ಟದೆ ಉಳಿದಿರುವುದು ಆ ಆಯ್ಕೆಯಿಂದಲೇ ಎಂದು ನಾನು ದೃಢವಾಗಿ ನಂಬಿದ್ದೇನೆ. "ಭಾವ, ಇದೆಲ್ಲ ಒಂದು ತಿಂಗಳ ಉತ್ಸಾಹ" ಎಂದಿದ್ದ ನನ್ನ ಭಾವಮೈದುನ, ಕಳೆದ ವಾರ ತನ್ನ ಸಹೋದ್ಯೋಗಿಯೊಬ್ಬರನ್ನು ನನ್ನ ಬಳಿಗೇ ಕಳುಹಿಸಿದ. ಎಎಯ ಹನ್ನೆರಡು ಹಂತಗಳು, ಸ್ಪಾನ್ಸರ್ (ಹೊಸಬನಿಗೆ ದಾರಿ ತೋರುವ ಹಳೆಯ ಸದಸ್ಯ), ಶೇರಿಂಗ್ (ಮೀಟಿಂಗಿನಲ್ಲಿ ತಮ್ಮ ಅನುಭವ ಹೇಳಿಕೊಳ್ಳುವುದು) ಇವುಗಳ ವಿವರಕ್ಕೆ ಹೋಗದೆ, ನಾನು ಮಾಡಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಸೋತದ್ದನ್ನು ಹೇಳಬೇಕು. ಅಯ್ಯಪ್ಪನ ಮಾಲೆ ಹಾಕಿ 41 ದಿನ ಶುದ್ಧವಾಗಿದ್ದೆ. ಮಾಲೆ ತೆಗೆದ ಸಂಜೆಯೇ ಬಾರಿನಲ್ಲಿದ್ದೆ. ಕೊನೆಯ ದಿನ ಯಾವುದೆಂದು ಮೊದಲೇ ಗೊತ್ತಿದ್ದರೆ ನನ್ನಂಥವನು ಆ ದಿನವನ್ನೇ ಎಣಿಸುತ್ತಾ ಕೂರುತ್ತಾನೆ. ಆಮೇಲೆ ನಗರದ ಹೊರಗಿನ ಒಂದು ಖಾಸಗಿ ಕೇಂದ್ರದಲ್ಲಿ ಎರಡು ತಿಂಗಳು ಇಟ್ಟರು. ಅದಕ್ಕೆ ನಲವತ್ತೈದು ಸಾವಿರದಷ್ಟು ಖರ್ಚಾಯಿತು, ಹೆಂಡತಿಯ ಸರ ಗಿರವಿಗೆ ಹೋಯಿತು. ಹೊರಬಂದ ಒಂಬತ್ತನೆಯ ದಿನ ಕುಡಿದೆ. ಬಳಿಕ ಯಾರದೋ ಮಾತು ಕೇಳಿ ಮನೆಯವರು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ನನಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿದರು. ಅದರ ಮೇಲೆ ಒಂದು ಕ್ವಾರ್ಟರ್ ಕುಡಿದವನಿಗೆ ಮುಖವೆಲ್ಲ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಸತ್ತೇ ಹೋದೆನೆನ್ನಿಸಿತು. ವೈದ್ಯರ ಕಣ್ಗಾವಲಿನಲ್ಲಿ, ಕುಡಿಯುವವನ ಒಪ್ಪಿಗೆಯಿಂದ ಮಾತ್ರ ಕೊಡಬೇಕಾದ ಮಾತ್ರೆ ಅದು. ದಯವಿಟ್ಟು ಯಾರೂ ಗುಟ್ಟಾಗಿ ಕೊಡಬೇಡಿ.

ಕೊನೆಯ ಸಲ ನಾನಾಗಿಯೇ ಒಮ್ಮೆಲೇ ನಿಲ್ಲಿಸಿದಾಗ ಎರಡನೆಯ ದಿನ ಫಿಟ್ಸ್ ಬಂತು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ದಾಖಲಾಗಿ, ಥಯಾಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ತೆಗೆದುಕೊಂಡು, ನಡುಕ ಇಳಿದ ಮೇಲೆಯೇ ಮೀಟಿಂಗಿನ ಕುರ್ಚಿಯಲ್ಲಿ ಕೂರುವ ಶಕ್ತಿ ಬಂದದ್ದು. ದಿನವೂ ಕುಡಿಯುತ್ತಿದ್ದ ಹೊಸಬರಿಗೆ ನಾನು ಇಂದಿಗೂ ಮೊದಲು ವೈದ್ಯರನ್ನು ತೋರಿಸುತ್ತೇನೆ, ಆಮೇಲೆ ಗುಂಪನ್ನು.

ಗುಂಪಿನ ಹುಡುಕಾಟ ಸುಲಭವಾಗಿರಲಿಲ್ಲ. ಹಿಂದೊಮ್ಮೆ ದಂಡು ಪ್ರದೇಶದ ಇಂಗ್ಲಿಷ್ ಮೀಟಿಂಗಿಗೆ ಹೋಗಿ ನಾಲ್ಕು ವಾರ ಕೂತಿದ್ದೆ. ಎಲ್ಲವೂ ಅರ್ಥವಾಗುತ್ತಿತ್ತು, ಆದರೆ ನನ್ನ ಸರದಿ ಬಂದಾಗ ಇಂಗ್ಲಿಷಿನಲ್ಲಿ ಬಾಯಿಪಾಠದಂಥ ನಾಲ್ಕು ವಾಕ್ಯ ಹೇಳಿ ಕೂರುತ್ತಿದ್ದೆ. ಮಗಳ ಶಾಲೆಯ ಫೀಸನ್ನು ಕುಡಿದು ಕಳೆದದ್ದು ಆ ಭಾಷೆಯಲ್ಲಿ ಬಾಯಿಗೇ ಬರಲಿಲ್ಲ. ಹೀಗಾಗಿ ಈ ಸಲ ಎರಡು ತಿಂಗಳಲ್ಲಿ ಹದಿನಾಲ್ಕು ಗುಂಪುಗಳನ್ನು ಸುತ್ತಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಹೊತ್ತು, ಭಾಷೆ, ಓಪನ್ನೋ (ಯಾರು ಬೇಕಾದರೂ ಬರಬಹುದು) ಕ್ಲೋಸ್ಡೋ (ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ), ನಿಲ್ದಾಣದಿಂದ ಎಷ್ಟು ನಡಿಗೆ, ದಾರಿಯಲ್ಲಿ ಎಷ್ಟು ವೈನ್ ಶಾಪು. ಪಟ್ಟಿಯಲ್ಲಿದ್ದ ಎರಡು ಕಡೆ ಗೇಟಿಗೆ ಬೀಗವಿತ್ತು. ಅಂದಿನಿಂದ ಹಿಂದಿನ ದಿನವೇ ಫೋನ್ ಮಾಡಿ ಕೇಳದೆ ನಾನು ಯಾವ ಹೊಸ ಗುಂಪಿಗೂ ಹೋಗಿಲ್ಲ.

ಅದೇ ನೋಟ್‌ಬುಕ್ಕಿನ ಹಿಂಭಾಗದಲ್ಲಿ, ಕುಡಿಯಬೇಕೆನ್ನಿಸಿದ ಹೊತ್ತನ್ನೂ ಗುರುತು ಹಾಕುತ್ತಿದ್ದೆ. ಮೂರು ವಾರದ ಗುರುತುಗಳಲ್ಲಿ ಹೆಚ್ಚಿನವು ಆರೂವರೆಗೂ ಎಂಟಕ್ಕೂ ನಡುವೆ ಬಿದ್ದಿದ್ದವು. ಪೀಣ್ಯದ ವರ್ಕ್‌ಶಾಪಿನಲ್ಲಿ ಐದೂವರೆಗೆ ಕೆಲಸ ಬಿಟ್ಟು, ಮಹಾಲಕ್ಷ್ಮಿ ನಿಲ್ದಾಣದಲ್ಲಿ ಮೆಟ್ರೋ ಇಳಿದು, ಮನೆಗೆ ಸೇರುವ ಮೊದಲಿನ ಹೊತ್ತದು. ಮನೆಯ ಬಳಿಯ ಗುಂಪು ಸೇರುತ್ತಿದ್ದುದು ಎಂಟಕ್ಕೆ. ಕುಡಿಯುತ್ತಿದ್ದ ದಿನಗಳಲ್ಲಾದರೆ ಅಷ್ಟರಲ್ಲಿ ನಾನು ಎರಡು ಕ್ವಾರ್ಟರ್ ಮುಗಿಸಿರುತ್ತಿದ್ದೆ. ಆದ್ದರಿಂದ ಮಹಾಲಕ್ಷ್ಮಿಯಲ್ಲಿ ಇಳಿಯದೆ ಸಂಪಿಗೆ ರಸ್ತೆಯವರೆಗೆ ಹೋಗಿ, ಮಲ್ಲೇಶ್ವರದ ಕಡೆ ಒಂದು ಶಾಲೆಯ ಕೊಠಡಿಯಲ್ಲಿ ಆರೂವರೆಗೆ ನಡೆಯುವ ಕನ್ನಡ ಮೀಟಿಂಗಿನಲ್ಲಿ ಕೂರತೊಡಗಿದೆ. ಅಲ್ಲಿ ಮೀಟಿಂಗ್ ಇಲ್ಲದ ದಿನಗಳಿಗೆ ಅದೇ ಹೊತ್ತಿನ ಇನ್ನೆರಡು ಗುಂಪುಗಳಿದ್ದವು, ಅವುಗಳಲ್ಲೊಂದು ತಮಿಳಿನದು. ಹೊಸಬರಿಗೆ ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಎನ್ನುತ್ತಾರಲ್ಲ, ನನ್ನದು ಎಪ್ಪತ್ತೆಂಟರ ಹತ್ತಿರ ಆಯಿತು.

ಹೊತ್ತಿಗೇಕೆ ಇಷ್ಟು ಮಹತ್ವ ಎಂದು ಕೇಳಿದವರಿಗೆ ನಾನು 1935ರ ಮೇ ತಿಂಗಳನ್ನು ನೆನಪಿಸುತ್ತೇನೆ. ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ, ಬಾರಿನ ಸದ್ದು ಕೇಳಿಸುತ್ತಿದ್ದ ಆ ಗಳಿಗೆಯಲ್ಲೇ ಬಿಲ್ ಅವರು ಫೋನಿನತ್ತ ಹೋಗಿ ಇನ್ನೊಬ್ಬ ಕುಡುಕನನ್ನು ಹುಡುಕಿದರು, ಹಾಗೆ ಡಾ. ಬಾಬ್ ಸಿಕ್ಕರು; ಈ ಇಬ್ಬರೇ ಎಎ ಕಟ್ಟಿದವರು. ಮರುದಿನ ನೋಡೋಣವೆಂದು ಅವರು ಬಿಟ್ಟಿದ್ದರೆ ನಮಗೆ ಕೂರಲು ಈ ಕುರ್ಚಿಗಳೇ ಇರುತ್ತಿರಲಿಲ್ಲ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕುಡಿತಕ್ಕೆ ತಿಂಗಳಿಗೆ ಎಂಟು ಸಾವಿರ ಹೋಗುತ್ತಿತ್ತು, ಸಾಲದ ಬಡ್ಡಿ ಬೇರೆ. ಮೀಟಿಂಗಿಗೆ ಶುಲ್ಕವಿಲ್ಲ, ಪ್ರಯಾಣ, ಕಾಣಿಕೆಯ ಚೀಲಕ್ಕೆ ನಾವಾಗಿಯೇ ಹಾಕುವ ಹತ್ತಿಪ್ಪತ್ತು ರೂಪಾಯಿ, ಕೊನೆಯಲ್ಲೊಂದು ಚಹಾ ಎಲ್ಲ ಸೇರಿ ಸಾವಿರದೈನೂರು ದಾಟುತ್ತಿರಲಿಲ್ಲ. ಹದಿನಾಲ್ಕು ತಿಂಗಳಿಗೆ ಸರ ಬಿಡಿಸಿದೆ. ಆ ದಿನ ಹೆಂಡತಿ ಅದನ್ನು ಕೊರಳಿಗೆ ಹಾಕಿಕೊಳ್ಳದೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ನಿಜವಾದ ಪರೀಕ್ಷೆ 2020ರಲ್ಲಿ ಬಂತು. ಲಾಕ್‌ಡೌನಿನಿಂದ ಮದ್ಯದಂಗಡಿಗಳೂ ಮುಚ್ಚಿದವು, ನಮ್ಮ ಕೊಠಡಿಯೂ ಮುಚ್ಚಿತು. ಮೇ 4ರಂದು ಅಂಗಡಿಗಳು ತೆರೆದಾಗ ಬೀದಿಯುದ್ದಕ್ಕೂ ಸಾಲು ನಿಂತಿತ್ತು, ನಮ್ಮ ಕೊಠಡಿಗೆ ಮಾತ್ರ ಇನ್ನೂ ಬೀಗ. ಅಷ್ಟರಲ್ಲಾಗಲೇ ಫೋನಿನಲ್ಲಿ ಜೂಮ್ ಮೀಟಿಂಗ್ ಅಭ್ಯಾಸ ಮಾಡಿಕೊಂಡಿದ್ದೆ. ಪರದೆಯ ಮುಂದೆ ಕೂರುವುದು ಕೊಠಡಿಗೆ ಸಮವಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಆರೂವರೆ ತಪ್ಪಲಿಲ್ಲ.

ಕೆಲವು ಬದಿಯ ಪ್ರಯೋಗಗಳನ್ನೂ ಮಾಡಿದೆ. ಬೆಳಗಿನ ಮೀಟಿಂಗ್ ನನಗೆ ಹಿಡಿಸಲಿಲ್ಲ, ಸಂಜೆಯವರೆಗೆ ಅದರ ಬಲ ಉಳಿಯುತ್ತಿರಲಿಲ್ಲ. ಕೆಲಸ ಬಿಡುವಾಗ ಒಂದು ಹಿಡಿ ಕಡಲೆಬೀಜ, ಒಂದು ಚೂರು ಬೆಲ್ಲ ತಿನ್ನುವುದು ಚೆನ್ನಾಗಿ ಕೆಲಸ ಮಾಡಿತು. ಹಸಿವನ್ನೇ ನಾನು ಕುಡಿತದ ಚಪಲವೆಂದು ಎಷ್ಟೋ ವರ್ಷ ತಪ್ಪು ತಿಳಿದಿದ್ದೆ. ಸಂಬಳದ ದಿನಕ್ಕೆಂದೇ ನಾನು ಕಂಡುಕೊಂಡ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂತು ತಮ್ಮ ಲೆಕ್ಕವನ್ನು ಪೂರ್ತಿ ಒಪ್ಪಿಸಿದವರಿಗೆ ಮಾತ್ರ ಹೇಳುತ್ತೇನೆ.

ಭಾವಮೈದುನನ ಸಹೋದ್ಯೋಗಿ ನಿನ್ನೆ ಎರಡನೆಯ ಸಲ ಬಂದಿದ್ದರು. ಅವರಿಗೆ ಕಷ್ಟದ ಹೊತ್ತು ಮಧ್ಯಾಹ್ನ ಊಟದ ಬಿಡುವಂತೆ. ಅವರಿಗಾಗಿ ಮಧ್ಯಾಹ್ನದ ಮೀಟಿಂಗ್ ಹುಡುಕುತ್ತಿದ್ದೇನೆ. ಇದುವರೆಗೆ ಮೂರು ಕಡೆ ಫೋನ್ ಮಾಡಿದ್ದೇನೆ.