ಕೊನೆಗೂ ಸರಿಹೋದ ಬ್ಯಾಕ್‌ಸ್ಟ್ಯಾಬ್ ಲೆಕ್ಕ

‘ಅಡಗೋದಕ್ಕೆ ದಾಳ ಇಲ್ಲ ಅಂದ್ರೆ ಚದುರಂಗ ಆಗುತ್ತೆ, ರೋಗ್ ಆಡೋ ಮಜಾನೇ ಹೋಗುತ್ತೆ.’ ನಾನು ಮಾಡುತ್ತಿರುವ ಗೇಮ್‌ನಲ್ಲಿ ರೋಗ್ ಅಂದರೆ ಅಡಗಿ ಬಂದು ಹಿಂದಿನಿಂದ ಚುಚ್ಚುವ ಪಾತ್ರ. ಅಡಗೋದನ್ನು ದಾಳದ ಅದೃಷ್ಟಕ್ಕೆ ಬಿಡಲ್ಲ ಅಂದಾಗ, ಗೇಮ್ ಮಾಡುವ ನನ್ನ ಗೆಳೆಯರೆಲ್ಲ ಹೀಗೇ ಹೇಳಿದ್ದರು. ಕಳೆದ ತಿಂಗಳು ಅವರೇ ತುಮಕೂರಿನ ಬಟವಾಡಿಯ ನನ್ನ ರೂಮಿಗೆ ಬಂದು ರಾತ್ರಿ ಎರಡರವರೆಗೆ ರೋಗ್ ಪಾತ್ರ ಬಿಟ್ಟು ಬೇರೆ ಆಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೇಮ್ ನಡೆಯುವುದು ಪಾಳೇಗಾರರ ಕಾಲದ ಮಧುಗಿರಿ ಕೋಟೆಯಲ್ಲಿ. ಗೊಡಾಟ್ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ಅದಕ್ಕೆ ಕಾಸು ಕೊಡಬೇಕಿಲ್ಲ.

ಮೊದಲು ಬ್ಯಾಕ್‌ಸ್ಟ್ಯಾಬ್‌ಗೆ, ಅಂದರೆ ಅಡಗಿ ಹಿಂದಿನಿಂದ ಚುಚ್ಚಿದರೆ, 4 ಪಟ್ಟು ಡ್ಯಾಮೇಜ್ ಇಟ್ಟೆ. ಕಠಾರಿಗೆ 8, ಅಂದರೆ 32. ಕಾವಲುಗಾರನ ಜೀವ 30ರ ಆಸುಪಾಸು. ಜಗಳಕ್ಕೆ ಮುಂಚೆಯೇ ಪುಕ್ಕಟೆ ಅಡಗಿ ಬಂದು, ಮೊದಲ ಟರ್ನ್‌ನಲ್ಲೇ ಮುಗಿಸಿಬಿಡುತ್ತಿದ್ದರು. ರೋಗ್ ಜೊತೆಗಿರುವ ಕತ್ತಿಯವನು ಸುಮ್ನೆ ನಿಂತಿರುತ್ತಿದ್ದ. ಹೆದರಿ 2 ಪಟ್ಟಿಗೆ ಇಳಿಸಿದೆ. ಆಗ ಯಾರೂ ಅಡಗಲೇ ಇಲ್ಲ. ಯಾಕೆ ಅಂತ ಹೊಳೆಯಲು ಎರಡು ತಿಂಗಳು ಹಿಡಿಯಿತು. ಜಗಳದ ನಡುವೆ ಅಡಗಲು ಒಂದು ಟರ್ನ್ ಹೋಗುತ್ತೆ, ಆಮೇಲೆ 16. ಅಡಗದೆ ಎರಡು ಸಲ ಚುಚ್ಚಿದರೂ ಅದೇ 16! ಸಾಲದ್ದಕ್ಕೆ ಅಡಗೋಕೆ ಶೇಕಡ 60 ಅವಕಾಶ ಅಂತ ಬೇರೆ ಇಟ್ಟಿದ್ದೆ. ಅಡಗಿದವನಿಗೇ ನಷ್ಟ.

ಅಷ್ಟರಲ್ಲಿ ಅಡಗಿ ಚುಚ್ಚುವ ಅನಿಮೇಷನ್‌ಗೆ ಸುಮಾರು 18,000 ರೂಪಾಯಿ ಕೊಟ್ಟಾಗಿತ್ತು. ನಿಯಮ ಬದಲಾದಾಗ ಅದರಲ್ಲಿ ಅರ್ಧ ವ್ಯರ್ಥವಾಯಿತು. ಆ ತಿಂಗಳ ಬೈಕ್ ಕಂತನ್ನು ಅಮ್ಮ ಕಟ್ಟಿದರು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಕಟ್ಟಬೇಕಾದ 100 ಡಾಲರ್ ಇನ್ನೂ ಕಟ್ಟಿಲ್ಲ.

ದಾರಿ ಸಿಕ್ಕಿದ್ದು ಗುಣಿಸೋದು ಬಿಟ್ಟು ಕೂಡಿಸಿದಾಗ. ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೂಡ ಹಾಗೇ ಬದಲಾಗಿದೆ. ಎರಡನೇ ಆವೃತ್ತಿಯಲ್ಲಿ 2ರಿಂದ 5 ಪಟ್ಟು ಇತ್ತು. 2014ರ ಐದನೇ ಆವೃತ್ತಿಯಲ್ಲಿ ಬರೀ ಹೆಚ್ಚುವರಿ ದಾಳ, ಮೊದಲ ಲೆವೆಲ್‌ನಲ್ಲಿ 1, 19ನೇ ಲೆವೆಲ್‌ಗೆ 10. ನಾನು ಕಠಾರಿಯ 8ಕ್ಕೆ 12 ಕೂಡಿಸಿದೆ, ಒಟ್ಟು 20. ಮುಂದೆ 15ರ ಕಠಾರಿ ಸಿಕ್ಕರೂ 27 ಅಷ್ಟೆ. 4 ಪಟ್ಟು ಇದ್ದಿದ್ದರೆ 60!

ಅಡಗೋಕೆ ದಾಳದ ಬದಲು ಸದ್ದಿನ ಲೆಕ್ಕ: ಸದ್ದು ಜಾಸ್ತಿಯಾದರೆ ಕಾವಲುಗಾರನಿಗೆ ಗೊತ್ತಾಗುತ್ತದೆ. ಚುಚ್ಚಿದರೆ ಸದ್ದು 6ಕ್ಕೆ ಹೋಗುತ್ತದೆ. ಒಂದು ಟರ್ನ್ ಮೆಲ್ಲಗೆ ಸರಿದರೆ 2ಕ್ಕೆ ಇಳಿಯುತ್ತದೆ, ಮತ್ತೆ ಚುಚ್ಚಬಹುದು. ಎರಡು ಟರ್ನ್‌ಗೆ 20. ಕತ್ತಿಯವನದೂ ಟರ್ನ್‌ಗೆ 10ರಂತೆ ಅಷ್ಟೇ. ಅವನು ಎದುರಿಗೆ ಹೋರಾಡುತ್ತಿದ್ದರೆ ಕಾವಲುಗಾರನಿಗೆ ಅರ್ಧ ಸದ್ದಷ್ಟೇ ಕೇಳುತ್ತದೆ. ಈಗ ಇಬ್ಬರೂ ಒಬ್ಬರಿಗೊಬ್ಬರು ಬೇಕು.

ಚಿಕ್ಕಪ್ಪನ ಮಗನಿಗೆ ಆಡಲು ಕೊಟ್ಟೆ. ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿ ಪಕ್ಕದಲ್ಲೇ ಆರುತ್ತಿತ್ತು. ಇನ್ನೊಂದು ಚೌಕ ಸರಿದರೆ ಕಾವಲುಗಾರನ ಬೆನ್ನು. ಸದ್ದು 3. ಮೌಸ್ ಮೇಲೆ ಬೆರಳಿಟ್ಟು ಹಾಗೇ ಕೂತ. ‘ಅಣ್ಣಾ, ಇವ್ನು ತಿರುಗಲ್ಲ ಅಲ್ವಾ?’ ಅಂದ, ಪಿಸುಗುಟ್ಟಿ! ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಆಗಲೇ ನನಗೆ ಗೊತ್ತಾಯಿತು, ಇದು ಕೆಲಸ ಮಾಡುತ್ತಿದೆ ಅಂತ.

ನಡುವೆ ಮಳೆಯನ್ನೂ ಸೇರಿಸಿ ನೋಡಿದೆ. ಮಳೆಯಲ್ಲಿ ಸದ್ದು ಕಡಿಮೆ. ಎಲ್ಲರೂ ಮಳೆಗೆ ಕಾಯುತ್ತಾ ಟರ್ನ್ ಕಳೆದರು, ತೆಗೆದುಹಾಕಿದೆ. ಕಾವಲುಗಾರನ ಅನುಮಾನ ಎಷ್ಟು ಟರ್ನ್ ಉಳಿಯುತ್ತದೆ, ಯಾವಾಗ ಪಕ್ಕದವನಿಗೂ ಹರಡುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನಾಲ್ಕು ತಿಂಗಳು ಕೂತಿದ್ದೇನೆ, ಗೇಮ್ ಬಂದಾಗ ಆಡಿ ನೋಡಿ.

ಈಗ ಕೋಟೆಗೆ ನಾಯಿ ಬಿಡುತ್ತಿದ್ದೇನೆ. ಅದಕ್ಕೆ ಸದ್ದಲ್ಲ, ವಾಸನೆ. ಗಾಳಿ ಯಾವ ಕಡೆಗೆ ಅನ್ನೋದು ತೆರೆಯ ಮೇಲೆ ಕಾಣಬೇಕು. ಸದ್ಯಕ್ಕೆ ಬಾಗಿಲ ತೋರಣ ಅಲ್ಲಾಡೋ ಹಾಗೆ ಮಾಡಿದ್ದೇನೆ.