ಸ್ವಿಚ್ಚಿನೊಳಗಿನ 672 ನ್ಯಾನೊಸೆಕೆಂಡು: ನಾನು ಕಲಿತ ಬಗೆ

ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಸುತ್ತ ಒಂಬತ್ತು ವರ್ಷಗಳಿಂದ ನಾನು ಫೈಬರ್ ಕೇಬಲ್ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ತೋಟದ ಸಿಲ್ವರ್ ಮರ ಮುರಿದು ಲೈನಿನ ಮೇಲೆ ಬಿದ್ದಾಗ, ಕೇಬಲ್ ಎಷ್ಟು ದೂರದಲ್ಲಿ ತುಂಡಾಗಿದೆ ಎಂಬುದನ್ನು ಓಟಿಡಿಆರ್ ಎಂಬ, ಎಳೆಯೊಳಗೆ ಬೆಳಕು ಬಿಟ್ಟು ದೂರ ಹೇಳುವ ಉಪಕರಣದಿಂದ ಅಳೆದು, ಟಾರ್ಪಾಲಿನ ಅಡಿಯಲ್ಲೇ ಎಳೆಗಳನ್ನು ಬೆಸೆದು ಬರುವುದು ನನಗೆ ರೂಢಿಯಾಗಿತ್ತು. ಆದರೆ ಆ ಎಳೆ ಹೋಗಿ ಸೇರುವ ಸ್ವಿಚ್, ಅಂದರೆ ಬಂದ ಮಾಹಿತಿಯನ್ನು ಸರಿಯಾದ ದಾರಿಗೆ ತಿರುಗಿಸುವ ಪೆಟ್ಟಿಗೆ, ಒಳಗೆ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ವೇಗವೆಲ್ಲ ತಂತಿಯದ್ದು ಎಂದೇ ನಂಬಿದ್ದೆ. ಈ ನಂಬಿಕೆ ಎಷ್ಟು ಅಪೂರ್ಣವೆಂದು ತಿಳಿಯಲು ನನಗೆ ಒಂದು ಪೂರ್ತಿ ಮಳೆಗಾಲ ಬೇಕಾಯಿತು.

ನಮ್ಮ ಬೀದಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ಸರಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ ಸಣ್ಣ ಎಕ್ಸ್‌ಚೇಂಜುಗಳಲ್ಲಿ ದುಡಿದವರು. "ಸರ್, ನನಗೆ ಸ್ವಿಚ್ಚಿಂಗ್ ಹೇಳಿಕೊಡಿ" ಎಂದು ಕೇಳಿದಾಗ ಅವರು, "ಮೊದಲು ಫೋನಿನ ಮಾತು ಹೇಗೆ ಹೋಗುತ್ತಿತ್ತು ಅಂತ ತಿಳ್ಕೊ ಮಾರಾಯ, ಇಂಟರ್ನೆಟ್ಟು ಆಮೇಲೆ" ಎಂದು ಒಳಗಿನಿಂದ ಒಂದು ಮೊಟ್ಟೆ ಟ್ರೇ ತಂದಿಟ್ಟರು. ಅದರಲ್ಲಿ ಮೂವತ್ತು ಗುಳಿಗಳಿದ್ದವು.

ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಒಂದು ಕರೆಗೆ ಸೆಕೆಂಡಿಗೆ 64 ಕಿಲೊಬಿಟ್ ಬೇಕು. ಅಂಥ 32 ಪಾಳಿಗಳನ್ನು ಸಾಲಾಗಿ ಜೋಡಿಸಿದರೆ ಸೆಕೆಂಡಿಗೆ 2.048 ಮೆಗಾಬಿಟ್ ಸಾಗಿಸುವ ಇ-1 ಲೈನ್ ಆಗುತ್ತದೆ. ಅದರಲ್ಲಿ ಸೊನ್ನೆಯ ಪಾಳಿ ತಾಳ ಹಿಡಿಯಲು, ಹದಿನಾರನೆಯದು ಕರೆಯ ಸಂಕೇತಗಳಿಗೆ ಹೋಗಿ, ಮಾತಿಗೆ ಉಳಿಯುವುದು ಮೂವತ್ತು. ಅವರು ಮೂವತ್ತು ಗುಳಿಗಳಲ್ಲೂ ಕ್ರಮವಾಗಿ ಒಂದೊಂದು ಕಾಫಿ ಬೀಜ ಹಾಕಿ, ತೆಗೆಯುವಾಗ ಮಾತ್ರ ಐದನೆಯದನ್ನು ಹತ್ತೊಂಬತ್ತನೆಯದರ ಸರದಿಯಲ್ಲಿ ಎತ್ತಿದರು. ಬಂದ ಕ್ರಮದಲ್ಲಿ ಮೆಮೊರಿಗೆ ಬರೆದು, ಬೇಕಾದ ಕ್ರಮದಲ್ಲಿ ಓದುವುದು, ಅದೂ 125 ಮೈಕ್ರೊಸೆಕೆಂಡಿಗೊಮ್ಮೆ ಇಡೀ ಟ್ರೇ ಖಾಲಿಯಾಗುವಂತೆ: ಡಿಜಿಟಲ್ ಎಕ್ಸ್‌ಚೇಂಜಿನ ಹೃದಯವೇ ಅದು. ಕರೆ ಮುಗಿಯುವ ತನಕ ಗುಳಿ ಆ ಕರೆಯದ್ದೇ, ಯಾರೂ ಮಾತನಾಡದಿದ್ದರೂ.

ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ಟಿನಲ್ಲಿ ಹೀಗೆ ಕಾಯ್ದಿಟ್ಟ ಗುಳಿಯಿಲ್ಲ. ಪ್ರತಿಯೊಂದು ಫ್ರೇಮ್, ಅಂದರೆ ಮಾಹಿತಿಯ ಕಟ್ಟು, ತಾನು ತಲುಪಬೇಕಾದ ಯಂತ್ರದ 48 ಬಿಟ್‌ಗಳ ಮ್ಯಾಕ್ ವಿಳಾಸವನ್ನು ಹೊತ್ತೇ ಬರುತ್ತದೆ. ಇದನ್ನು ಓದಿ ತಿಳಿದರೆ ಸಾಲದೆನಿಸಿ, ಒಳಗಿನ ಪಟ್ಟಿಗಳನ್ನು ನೋಡಿ ಬದಲಾಯಿಸಬಹುದಾದ ಹಳೆಯ ಮ್ಯಾನೇಜ್ಡ್ ಸ್ವಿಚ್ ಒಂದನ್ನು ಕೊಂಡು, ಮೂರು ಕಂಪ್ಯೂಟರುಗಳನ್ನು ಸೇರಿಸಿದೆ. ಮೊದಲ ಎರಡರಲ್ಲಿ ಪರಸ್ಪರರ ಮ್ಯಾಕ್ ವಿಳಾಸವನ್ನು ಕೈಯಾರೆ ನಮೂದಿಸಿ, ಸ್ವಿಚ್ಚಿನ ವಿಳಾಸಪಟ್ಟಿಯನ್ನು ಅಳಿಸಿ, ಮೂರನೆಯದರಲ್ಲಿ ಬರುವ ಫ್ರೇಮುಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ಕುಳಿತೆ. ಮೊದಲನೆಯದರಿಂದ ಎರಡನೆಯದಕ್ಕೆ ಪಿಂಗ್, ಅಂದರೆ ಉತ್ತರ ಕೇಳುವ ಪುಟ್ಟ ಸಂದೇಶ, ಕಳುಹಿಸಿದಾಗ, ಅದಕ್ಕೆ ಸಂಬಂಧವೇ ಇಲ್ಲದ ಮೂರನೆಯದರ ಪರದೆಯಲ್ಲಿ ಮೊದಲ ಪಿಂಗ್ ಮಾತ್ರ ಕಾಣಿಸಿತು. ಉತ್ತರವೂ ಕಾಣಲಿಲ್ಲ, ಆಮೇಲಿನ ಪಿಂಗ್‌ಗಳೂ ಕಾಣಲಿಲ್ಲ. ಗುರಿ ಯಾವ ಪೋರ್ಟಿನಲ್ಲಿ, ಅಂದರೆ ತಂತಿ ಸಿಕ್ಕಿಸುವ ಯಾವ ಬಾಗಿಲಿನಲ್ಲಿ, ಇದೆ ಎಂದು ತಿಳಿಯದ ಸ್ವಿಚ್ ಮೊದಲ ಫ್ರೇಮನ್ನು ಎಲ್ಲ ಕಡೆಗೂ ಬಿಟ್ಟಿತ್ತು. ಉತ್ತರ ಬಂದ ಪೋರ್ಟನ್ನು ನೋಡಿ ಕಲಿತುಕೊಂಡಿತ್ತು. ಐದು ನಿಮಿಷ, ಅಂದರೆ ಕಲಿತದ್ದನ್ನು ಸ್ವಿಚ್ ಮರೆಯಲು ಸಾಮಾನ್ಯವಾಗಿ ಇಟ್ಟಿರುವ 300 ಸೆಕೆಂಡು, ಸುಮ್ಮನಿದ್ದು ಮತ್ತೆ ಪಿಂಗ್ ಮಾಡಿದಾಗ ಅದೇ ಒಂದು ಸಾಲು ಮತ್ತೆ ಬಂತು. ಪುಸ್ತಕದ ಹತ್ತು ಪುಟಗಳಿಗಿಂತ ಆ ಒಂದು ಸಾಲು ನನಗೆ ಹೆಚ್ಚು ಕಲಿಸಿತು. ಹೊಸಬರು ಯಾರೇ ಕೇಳಿದರೂ ಈ ಪ್ರಯೋಗದಿಂದಲೇ ಆರಂಭಿಸಿ ಎನ್ನುತ್ತೇನೆ.

ಮುಂದಿನದು ಲೆಕ್ಕ. ಅತಿ ಚಿಕ್ಕ ಫ್ರೇಮ್ 64 ಬೈಟ್. ಅದರ ಮುಂದಿನ ಸೂಚನೆ ಮತ್ತು ಎರಡು ಫ್ರೇಮುಗಳ ನಡುವಿನ ಬಿಡುವು ಸೇರಿದರೆ 84 ಬೈಟ್, ಅಂದರೆ 672 ಬಿಟ್. ಒಂದು ಗಿಗಾಬಿಟ್ ವೇಗದಲ್ಲಿ ಅದಕ್ಕೆ ಸಿಗುವ ಕಾಲ 672 ನ್ಯಾನೊಸೆಕೆಂಡು. ಸೆಕೆಂಡಿಗೆ ಸುಮಾರು 14.88 ಲಕ್ಷ ಫ್ರೇಮುಗಳು. ಹತ್ತು ಗಿಗಾಬಿಟ್ಟಿಗೆ ಏರಿದರೆ ಉಳಿಯುವುದು 67.2 ನ್ಯಾನೊಸೆಕೆಂಡು ಮಾತ್ರ. ಅಷ್ಟರೊಳಗೆ ಸಾವಿರಾರು ವಿಳಾಸಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಹುಡುಕಲು ಸಾಧ್ಯವಿಲ್ಲವಾದ್ದರಿಂದ, ಒಂದೆರಡು ನೋಟದಲ್ಲೇ ಪೋರ್ಟನ್ನು ಹೇಳಿಬಿಡುವ ಚಿಪ್ಪನ್ನೇ ಆ ಕೆಲಸಕ್ಕೆ ಇಡುತ್ತಾರೆ. ನೋಡಬೇಕಾದದ್ದನ್ನು ಕಡಿಮೆ ಮಾಡುವುದೇ ಈ ತಂತ್ರಜ್ಞಾನದ ಬಹುಪಾಲು ಜಾಣ್ಮೆ ಎಂದು ನನಗೆ ಹೊಳೆದದ್ದು ಈ ಲೆಕ್ಕ ಮಾಡಿದ ಮೇಲೆ. ಎಟಿಎಂ (ಹಣದ ಯಂತ್ರವಲ್ಲ, ಹಿಂದಿನ ಒಂದು ಜಾಲ ತಂತ್ರಜ್ಞಾನ) ರೂಪಿಸಿದವರು ಸ್ವಿಚ್ಚಿನ ಕೆಲಸ ಹಗುರಾಗಲೆಂದೂ ಎಲ್ಲವನ್ನೂ 53 ಬೈಟ್‌ಗಳ ಒಂದೇ ಅಳತೆಯ ಸೆಲ್‌ಗಳಾಗಿ ಕತ್ತರಿಸಿದರು. ದೊಡ್ಡ ಜಾಲಗಳಲ್ಲಿ ಬಳಸುವ ಎಂಪಿಎಲ್ಎಸ್ ವಿಧಾನದಲ್ಲಿ ಪೂರ್ತಿ ವಿಳಾಸದ ಬದಲು 20 ಬಿಟ್‌ಗಳ ಚೀಟಿಯೊಂದನ್ನು ನೋಡಿದರೆ ಸಾಕು.

ಬಾಗಿಲು ಬೇಗ ತಿಳಿದರೂ ಅದು ತೆರೆದಿರಬೇಕಲ್ಲ. ಮಡಿಕೇರಿಯ ಇಕ್ಕಟ್ಟಾದ ರಸ್ತೆಯಲ್ಲಿ ವಿರಾಜಪೇಟೆ ಕಡೆಗೆ ತಿರುಗಬೇಕಾದ ಲಾರಿ ಎದುರಿನ ದಟ್ಟಣೆಗೆ ನಿಂತರೆ, ಖಾಲಿಯಿರುವ ಮಂಗಳೂರು ರಸ್ತೆಗೆ ಹೋಗಬೇಕಾದ ಹಿಂದಿನ ಜೀಪೂ ನಿಲ್ಲಲೇಬೇಕು. ಒಳಬರುವ ಪ್ರತಿ ಪೋರ್ಟಿಗೆ ಒಂದೇ ಸಾಲಿರುವ ದೊಡ್ಡ ಸ್ವಿಚ್ಚಿನಲ್ಲಿ, ಎಲ್ಲ ದಿಕ್ಕಿಗೂ ಸಮನಾಗಿ ದಟ್ಟಣೆ ಇದ್ದಾಗ, ಈ ಒಂದು ಕಾರಣದಿಂದಲೇ ಸಾಮರ್ಥ್ಯದ ಸುಮಾರು 58.6 ಶೇಕಡ ಮಾತ್ರ ಬಳಕೆಗೆ ಸಿಗುತ್ತದೆ ಎಂಬುದು ಗಣಿತದಿಂದ ಸಿದ್ಧವಾದ ಮಾತು. ಹೋಗುವ ದಿಕ್ಕಿಗೊಂದರಂತೆ ಬೇರೆ ಬೇರೆ ಸಾಲು ಇಡುವುದು ಅದಕ್ಕೆ ಪರಿಹಾರ.

ಮಳೆ ಇಳಿಯುವ ಹೊತ್ತಿಗೆ ಕುಶಾಲನಗರದ ಬಳಿಯ ಒಂದು ಕಾಫಿ ಸಂಸ್ಕರಣಾ ಘಟಕದಿಂದ ಕರೆ ಬಂತು: ಇಡೀ ಕಚೇರಿಯ ನೆಟ್‌ವರ್ಕ್ ಸತ್ತಿದೆ. ಹೋಗಿ ನೋಡಿದರೆ ಎಲ್ಲ ಪೋರ್ಟುಗಳ ದೀಪಗಳೂ ಒಟ್ಟಿಗೇ, ಬಿಡುವಿಲ್ಲದೆ ಮಿಣುಕುತ್ತಿದ್ದವು. ಹಿಂದಿನ ಅಭ್ಯಾಸದಂತೆ ಆಫ್ ಮಾಡದೆ ಮುಖ್ಯ ಸ್ವಿಚ್ಚಿನ ವಿಳಾಸಪಟ್ಟಿ ತೆರೆದೆ. ಒಂದೇ ಪ್ರಿಂಟರಿನ ವಿಳಾಸ ಒಮ್ಮೆ 11ನೇ ಪೋರ್ಟಿನಲ್ಲಿ, ಮರುಕ್ಷಣ 12ರಲ್ಲಿ ಕಾಣಿಸುತ್ತಿತ್ತು. ತೂಕದ ಕೋಣೆಯ ಚಿಕ್ಕ ಸ್ವಿಚ್ಚಿಗೆ ಯಾರೋ ಎರಡನೆಯ ತಂತಿಯನ್ನೂ ಸಿಕ್ಕಿಸಿದ್ದರು. "ಎರಡು ವೈರ್ ಹಾಕಿದ್ರೆ ಸ್ಪೀಡ್ ಜಾಸ್ತಿ ಬರುತ್ತಲ್ಲ ಸರ್?" ಎಂದು ಅಲ್ಲಿನ ಹುಡುಗ ಕೇಳಿದ. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದವನು. ಎಲ್ಲರಿಗೂ ಹೋಗಬೇಕಾದ ಫ್ರೇಮ್ ಅಂಥ ಸುತ್ತಿಗೆ ಸಿಕ್ಕಿದರೆ ಅದಕ್ಕೆ ಆಯುಸ್ಸಿನ ಮಿತಿಯಿಲ್ಲ. ಅದು ಸುತ್ತುತ್ತಲೇ ಹೆಚ್ಚುತ್ತ ಹೋಗುತ್ತದೆ. ಕಂಪ್ಯೂಟರ್ ತಜ್ಞೆ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ ಇರುವುದೇ ಇಂಥ ಸುತ್ತನ್ನು ಗುರುತಿಸಿ ಒಂದು ದಾರಿಯನ್ನು ಮುಚ್ಚಿಡಲು. ಆ ಮುಖ್ಯ ಸ್ವಿಚ್ಚಿನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರು.

ಎರಡನೆಯ ತಂತಿ ಕಿತ್ತೆ, ದೀಪಗಳು ಶಾಂತವಾದವು. ಸ್ಪ್ಯಾನಿಂಗ್ ಟ್ರೀ ಚಾಲೂ ಮಾಡಿ, ಮಾಲೀಕರ ಅನುಮತಿ ಪಡೆದು, ಆ ಹುಡುಗನ ಕೈಯಿಂದಲೇ ಅದೇ ತಂತಿಯನ್ನು ಮತ್ತೆ ಹಾಕಿಸಿದೆ. 12ನೇ ಪೋರ್ಟಿನ ದೀಪ ಹಸಿರಿಗೆ ತಿರುಗದೆ ಕಿತ್ತಳೆ ಬಣ್ಣದಲ್ಲೇ ನಿಂತಿತು, ತೂಕದ ಕೋಣೆಯ ಪ್ರಿಂಟರ್ ಚೀಟಿಗಳನ್ನು ಹೊರಗೆ ಹಾಕುತ್ತಲೇ ಇತ್ತು.